ಕೆಳಗಿನ ಜೌಗು, ಮೇಲಿನ ಮಳೆ

ನಲಿಶೇಬೋ ಮುಬಿತಾ ಆ ವರ್ಷದ ಮೊದಲ ಮಳೆಯನ್ನು ನೋಡಿದ್ದು ಶೀಷೆಗಳಲ್ಲಿ. ಜಾಂಬಿಯಾದ ಪಶ್ಚಿಮ ಬಯಲಿನ ನಾಮುಶೇ ಪಟ್ಟಣದಲ್ಲಿ ಅಕ್ಟೋಬರ್ ಮುಗಿಯುತ್ತ ಬಂದಿದ್ದರೂ ಒಂದು ಮೋಡ ಕಟ್ಟಿರಲಿಲ್ಲ. ಗಡಿಯಾಚೆ, ಐನೂರು ಕಿಲೋಮೀಟರ್ ದೂರದ ಅಂಗೋಲಾದ ಎತ್ತರದ ಕಾಡುಗಳಲ್ಲಿ ಮಾತ್ರ ಅಷ್ಟರಲ್ಲಿ ನಾಲ್ಕು ಸಲ ಮಳೆ ಸುರಿದಿತ್ತು. ಅಲ್ಲಿನ ಹಳ್ಳಿಯವರು ಅದನ್ನು ಹೆಬ್ಬೆರಳುದ್ದದ ಶೀಷೆಗಳಲ್ಲಿ ಹಿಡಿದು, ಬಿರಡೆಯ ಸುತ್ತ ಜೇನುಮೇಣ ಮೆತ್ತಿ, ಊರು, ದಿನ, ಹೊತ್ತು ಬರೆದು, ವಾರಕ್ಕೊಮ್ಮೆ ಬರುವ ಸರಕಿನ ಡ್ರೋನ್‌ನಲ್ಲಿ ಕಳಿಸಿದ್ದರು.

ಅವಳಿಗೆ ಮೂವತ್ತೆಂಟು ವಯಸ್ಸು. ಲುಯೇವಾ ಜಂಟಿ ನದಿ ಆಯೋಗದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ನೀರು ಪರೀಕ್ಷೆಯ ಕೆಲಸ. ಲುಯೇವಾ ಸಮುದ್ರದ ಮುಖ ನೋಡದ ನದಿ. ಅಂಗೋಲಾದ ಕಾಡಿನಲ್ಲಿ ಹುಟ್ಟಿ, ಗಡಿ ದಾಟಿ ಜಾಂಬಿಯಾಕ್ಕೆ ಇಳಿದು, ನಾಮುಶೇಯ ಬಯಲಿನಲ್ಲಿ ಅಂಗೈಯಂತೆ ಅಗಲವಾಗಿ ಹರಡಿಕೊಂಡು, ಜೊಂಡು ಹುಲ್ಲಿನ ಮಹಾ ಜೌಗಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ನೆರೆ ಬಂದು ಬಯಲು ತುಂಬುತ್ತದೆ. ಜನ ದಿಬ್ಬಗಳಿಗೆ ಮನೆ ಬದಲಿಸುತ್ತಾರೆ. ನೀರು ಇಳಿದ ಮೇಲೆ ಹುಲ್ಲು, ಮೀನು, ದನಗಳಿಗೆ ಮೇವು. ಉಳಿದ ನೀರೆಲ್ಲ ಬಿಸಿಲಿಗೆ ಆವಿಯಾಗಿ ಮೇಲೆ ಹೋಗುತ್ತದೆ.

ಜಗಳ ಇದ್ದದ್ದು ಈ ಕೊನೆಯ ಮಾತಿನ ಮೇಲೆಯೇ. ಸುಮ್ಮನೆ ಆವಿಯಾಗಿ ಹಾಳಾಗುವ ನೀರನ್ನು ನಾವು ಯಾಕೆ ಕೆಳಗೆ ಬಿಡಬೇಕು ಎಂದು ಮೇಲಿನವರು, ಅಂದರೆ ನದಿ ಹುಟ್ಟುವ ಅಂಗೋಲಾದ ಕಡೆಯವರು, ಕೇಳುತ್ತಿದ್ದರು. ಅವರ ಕಡೆ ಮುವೇಜಿ ಎಂಬಲ್ಲಿ ನದಿಗೆ ಅಡ್ಡಲಾಗಿ ಏಳು ಉಕ್ಕಿನ ಬಾಗಿಲುಗಳ ಕಟ್ಟೆ ಎದ್ದು ಎರಡು ವರ್ಷವಾಗಿತ್ತು. ನದಿಯನ್ನು ತಡೆಯದೆ ಕೆಳಗೆ ಬಿಡುವ ಹತ್ತು ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಮೇಲಿನ ಹತ್ತೊಂಬತ್ತು ಹಳ್ಳಿ ಸಭೆಗಳು ಮತ ಹಾಕಬೇಕಿತ್ತು. ಬೇಡವೆಂದರೆ ಜನವರಿಯಲ್ಲಿ ಬಾಗಿಲು ಬೀಳುತ್ತದೆ, ಏಪ್ರಿಲ್‌ನಲ್ಲಿ ನಾಮುಶೇಗೆ ನೆರೆ ಬರುವುದಿಲ್ಲ. ಬಯಲಿನಲ್ಲಿ ಬದುಕುವ ನಾಲ್ಕು ಲಕ್ಷ ಜನಕ್ಕೆ ನೆರೆಯೆಂದರೆ ಅನ್ನ.

ಹಾಗಿರುವಾಗ ಆಯೋಗದ ವಿಜ್ಞಾನಿಗಳಿಗೆ ಒಂದು ಯೋಚನೆ ಹೊಳೆದಿತ್ತು. ಮಳೆಯ ಹನಿಯೊಂದು ತಾನು ಎಲ್ಲಿಂದ ಎದ್ದು ಬಂದೆ ಎಂದು ಹೇಳುವಂತಿದ್ದರೆ? ಆ ಯೋಚನೆಯಿಂದ ಹುಟ್ಟಿದ್ದು ಬುತ್ತಿ ಡಬ್ಬಿಯಷ್ಟು ದೊಡ್ಡದಾದ ಒಂದು ಯಂತ್ರ. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು; ಬಾಯಲ್ಲಿ ಎಲ್ಲರೂ ಹನಿಗನ್ನಡಿ ಎನ್ನುತ್ತಿದ್ದರು.

ನೀರೆಂದರೆ ಎಲ್ಲವೂ ಒಂದೇ ನೀರಲ್ಲ. ಅದರ ಕಣಗಳಲ್ಲಿ ಸಾವಿರಕ್ಕೆ ಒಂದೆರಡು ಉಳಿದವುಗಳಿಗಿಂತ ತುಸು ಭಾರ. ಬಿಸಿಲಿಗೆ ಹಗುರದವು ಬೇಗ ಏಳುತ್ತವೆ, ಭಾರದವು ಹಿಂದೆ ಬೀಳುತ್ತವೆ. ಆಳದ ಸಮುದ್ರದಿಂದ ಎದ್ದ ಆವಿಯಲ್ಲಿ ಹಗುರ ಭಾರಗಳ ಪಾಲು ಒಂದು ಬಗೆ, ಮೊಣಕಾಲುದ್ದದ ಬೆಚ್ಚನೆಯ ಜೌಗಿನಿಂದ ಎದ್ದದ್ದರಲ್ಲಿ ಮತ್ತೊಂದು ಬಗೆ. ಇದು ಹಳೆಯ ವಿದ್ಯೆ. ಹೊಸದೇನೆಂದರೆ, ಜೊಂಡಿನ ಎಲೆಗಳು ನೀರಿನ ಜೊತೆ ಗಾಳಿಗೆ ಬಿಡುವ ಒಂದು ಎಣ್ಣೆಯ ಅತಿ ಸೂಕ್ಷ್ಮ ಅಂಶವನ್ನೂ ಹನಿಗನ್ನಡಿ ಹಿಡಿಯಬಲ್ಲದು. ಎರಡು ಗುರುತೂ ಕೂಡಿದರೆ ಆ ಹನಿ ನಾಮುಶೇಯ ಜೌಗಿನಿಂದ ಎದ್ದದ್ದೇ. ಒಂದು ಹನಿಯನ್ನು ಯಂತ್ರದ ಬಾಯಿಗೆ ಬಿಟ್ಟರೆ ಒಳಗೆ ಬೆಳಕಿನ ಎಳೆ ಹಾಯ್ದು, ನಾಲ್ಕು ನಿಮಿಷದಲ್ಲಿ ಒಂದು ಸಂಖ್ಯೆ ಮೂಡುತ್ತದೆ.

ಹಿಂದಿನ ವರ್ಷದ ಶೀಷೆಗಳನ್ನು ಪರೀಕ್ಷಿಸಿದಾಗ ನಲಿಶೇಬೋ ತನ್ನ ಕಣ್ಣನ್ನೇ ನಂಬಿರಲಿಲ್ಲ. ಅಂಗೋಲಾದ ಕಾಡಿನಲ್ಲಿ ಅಕ್ಟೋಬರ್‌ನಲ್ಲಿ ಬಿದ್ದ ಮೊದಲ ಮಳೆಯಲ್ಲಿ ನಾಲ್ಕಕ್ಕೆ ಒಂದು ಹನಿ ಕೆಳಗಿನ ಜೌಗಿನದು. ಆ ತಿಂಗಳು ಗಾಳಿ ಪೂರ್ವದಿಂದ ಬೀಸುತ್ತದೆ. ಜೌಗಿನ ಆವಿಯನ್ನು ಹೊತ್ತು ನದಿ ಹುಟ್ಟುವ ಕಡೆಗೇ ಒಯ್ಯುತ್ತದೆ. ನದಿ ಕೆಳಗೆ ಬಂದು ಮುಗಿಯುವುದಿಲ್ಲ, ಆಕಾಶದ ದಾರಿಯಲ್ಲಿ ಒಂದಷ್ಟು ಮನೆಗೆ ಮರಳುತ್ತದೆ. ಆದರೆ ಇಡೀ ವರ್ಷದ ಮಳೆಯನ್ನು ತೆಗೆದುಕೊಂಡರೆ ಪಾಲು ಹದಿನಾಲ್ಕಕ್ಕೆ ಒಂದು ಮಾತ್ರ. ಈಗ ಮೇಜಿನ ಮೇಲಿದ್ದದ್ದು ಎರಡನೆಯ ವರ್ಷದ ಮೊದಲ ಮಳೆ. ಅವಳು ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಹನ್ನೊಂದಕ್ಕೆ ಒಂದು ಎಂದೇ ಬಂತು. ನಾಲ್ಕಕ್ಕೆ ಒಂದು ಇದ್ದದ್ದು ಒಂದೇ ವರ್ಷದಲ್ಲಿ ಹನ್ನೊಂದಕ್ಕೆ ಯಾಕಿಳಿಯಿತು ಎಂಬುದು ಅವಳಿಗೆ ಹೊಳೆಯಲಿಲ್ಲ.

ಆ ಸಂಜೆ ಮನೆಗೆ ಹೋದಾಗ ಗಂಡ ಸಿತಾಲಿ ಅಂಗಳದಲ್ಲಿ ಬತ್ತದ ಬೀಜ ಆರಿಸುತ್ತ ಕೂತಿದ್ದ. ಸಿತಾಲಿ ದೋಣಿ ಕಟ್ಟುವವನು. ದೋಣಿಯ ಕೆಲಸ ಕಡಿಮೆಯಾದ ಮೇಲೆ, ಆರು ವರ್ಷದ ಹಿಂದೆ, ಹನ್ನೊಂದು ಮನೆಗಳವರ ಜೊತೆ ಸೇರಿ ಜೌಗಿನ ಅಂಚಿನಲ್ಲಿ ಒಂದು ಕಾಲುವೆ ತೋಡಿ, ನೀರು ಬಸಿದು ಹೋಗುವಂತೆ ಮಾಡಿ, ಬಂದ ಕಪ್ಪು ಮಣ್ಣಿನಲ್ಲಿ ಬತ್ತ ಹಾಕಿದ್ದ. ನಾಲ್ಕು ತುಂಡು ಗದ್ದೆ. ಆ ಅಕ್ಕಿಯ ಪರಿಮಳಕ್ಕೆ ಪಕ್ಕದ ಪಟ್ಟಣದವರೂ ಹುಡುಕಿಕೊಂಡು ಬರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಶಾಲೆ, ಮನೆಯ ತಗಡಿನ ಮಾಡು, ಎಲ್ಲ ಆ ಗದ್ದೆಯಿಂದಲೇ ಬಂದದ್ದು.

ಊಟ ಮಾಡುತ್ತ ಅವಳು ಹನಿಗಳ ಸಂಗತಿ ಹೇಳಿದಳು. ಸಿತಾಲಿಗೆ ಖುಷಿಯಾಯಿತು. ಹಾಗಿದ್ದರೆ ಮೇಲಿನವರು ಇನ್ನು ಬಾಗಿಲು ಹಾಕುವ ಮಾತೇ ಆಡುವಂತಿಲ್ಲ, ಅವರ ಮಳೆಯ ಬೇರು ನಮ್ಮಲ್ಲಿದೆಯಲ್ಲ ಎಂದ. ಅವಳಿಗೂ ಹಾಗೆಯೇ ಅನ್ನಿಸಿತು. ಅಂದು ಇಬ್ಬರಲ್ಲಿ ಯಾರಿಗೂ ಕಾಲುವೆಯ ನೆನಪಾಗಲಿಲ್ಲ.

ಮಾರನೆಯ ವಾರ ಆಯೋಗದ ಪ್ರಚಾರ ವಿಭಾಗದ ಮುಖ್ಯಸ್ಥ ಕಾಫ್ವಿಂಬಿ ಪ್ರಯೋಗಾಲಯಕ್ಕೆ ಬಂದ. ಐವತ್ತೈದರ, ಸದಾ ಕಣ್ಣುಜ್ಜಿಕೊಳ್ಳುವ ಮನುಷ್ಯ. ಒಪ್ಪಂದ ಉಳಿಯಲೆಂದು ಎಂಟು ವರ್ಷ ಎರಡು ರಾಜಧಾನಿಗಳ ನಡುವೆ ಓಡಾಡಿದವನು. ಅವನ ಕೈಯಲ್ಲಿ ಸುತ್ತಿದ ಒಂದು ದೊಡ್ಡ ಚಿತ್ರಪಟವಿತ್ತು. ಬಿಡಿಸಿದರೆ, ಜೌಗಿನ ಮೇಲಿಂದ ಒಂದು ಮೋಡ ಎದ್ದು ಕಾಡಿನ ಹಳ್ಳಿಯ ಮೇಲೆ ಸುರಿಯುತ್ತಿದೆ. ಕೆಳಗೆ ಮೇಲಿನವರ ಲುಚಾಜಿ ಭಾಷೆಯಲ್ಲಿ, ನಿಮ್ಮ ಮಳೆಯ ಪ್ರತಿ ನಾಲ್ಕನೆಯ ಹನಿ ನಮ್ಮ ಜೌಗಿನದು ಎಂಬ ಬರಹ. ಕಾಶೋಂಗೋ ಎಂಬ ಹಳ್ಳಿಯಲ್ಲಿ ಹತ್ತೊಂಬತ್ತು ಸಭೆಗಳವರೂ ಸೇರುತ್ತಾರೆ, ಅಲ್ಲಿ ನೀನೇ ಹೋಗಿ ಹೇಳಬೇಕು ಎಂದ. ಅವಳ ತಾಯಿ ಲುಚಾಜಿಯವಳು; ಪ್ರಯೋಗಾಲಯದಲ್ಲಿ ಆ ಮಾತು ಬಲ್ಲವಳು ಅವಳೊಬ್ಬಳೇ.

ನಲಿಶೇಬೋ ಪಟವನ್ನು ನೋಡುತ್ತ ನಿಂತಳು. ಇದು ಹೋದ ವರ್ಷದ ಮಳೆಗಾಲದ ಮೊದಲ ಹದಿನೈದು ದಿನದ ಲೆಕ್ಕ, ವರ್ಷದ್ದು ಹದಿನಾಲ್ಕಕ್ಕೆ ಒಂದು, ಈ ವರ್ಷ ಮೊದಲ ಮಳೆಯಲ್ಲೂ ಅಷ್ಟಿಲ್ಲ ಎಂದಳು.

"ನಾಲ್ಕಕ್ಕೆ ಒಂದು ಅನ್ನೋದು ಸುಳ್ಳಾ?" ಎಂದು ಕಾಫ್ವಿಂಬಿ ಕೇಳಿದ.

"ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ."

ಅವನು ಸ್ಟೂಲ್ ಎಳೆದುಕೊಂಡು ಕೂತ. ಪೂರ್ತಿ ನಿಜ ಹೇಳುವುದಕ್ಕೆ ಪುಸ್ತಕಗಳಿವೆ, ಅವರು ಕೇಳಿಸಿಕೊಳ್ಳುವುದು ಅರ್ಧ ಗಂಟೆ, ಅಷ್ಟರಲ್ಲಿ ಒಂದು ಸಂಖ್ಯೆ ಅವರ ಮನಸ್ಸಿನಲ್ಲಿ ನಿಲ್ಲಬೇಕು ಎಂದು ನಿಧಾನವಾಗಿ ವಿವರಿಸಿದ. ಅವನ ಮಾತಿನಲ್ಲಿ ಮೋಸಗಾರನ ಚುರುಕಿರಲಿಲ್ಲ, ದಣಿವಿತ್ತು. ನಾಲ್ಕು ಲಕ್ಷ ಜನರ ಬಾಯಿಗೆ ಮಣ್ಣು ಬೀಳುವುದನ್ನು ಒಂದು ಪಟ ತಡೆಯುವುದಾದರೆ ತಡೆಯಲಿ ಎಂದು ಅವನು ನಿಜವಾಗಿಯೂ ನಂಬಿದ್ದ. ಅವಳು ಪಟವನ್ನು ಸುತ್ತಿ ತೆಗೆದುಕೊಂಡಳು.

ಕಾಶೋಂಗೋಗೆ ಎರಡು ದಿನದ ದಾರಿ. ಎರಡನೆಯ ದಿನ ಮುವೇಜಿಯ ಕಟ್ಟೆಯ ಹತ್ತಿರ ಜೀಪು ನಿಲ್ಲಿಸಿ ಇಳಿದಳು. ಏಳು ಬಾಗಿಲುಗಳೂ ಮೇಲೆತ್ತಿದ್ದವು. ಕೆಳಗೆ ನದಿ ಸೊಂಟದುದ್ದವೂ ಇರಲಿಲ್ಲ. ಆ ಬಾಗಿಲುಗಳನ್ನು ಹಗೆಯ ಹಾಗೆ ಮನಸ್ಸಿನಲ್ಲಿ ಬರೆದುಕೊಂಡಿದ್ದವಳಿಗೆ ಹತ್ತಿರದಿಂದ ನೋಡಿದಾಗ ಅವು ಬರೀ ಬಾಗಿಲುಗಳಂತೆಯೇ ಕಂಡವು.

ಅವಳು ಉಳಿದುಕೊಂಡದ್ದು ದೊಮಿಂಗಾಸ್ ಚಿಸೋಲಾ ಎಂಬ ಹೆಂಗಸಿನ ಮನೆಯಲ್ಲಿ. ಎರಡು ವರ್ಷದಿಂದ ಕಾಶೋಂಗೋದ ಮಳೆಯನ್ನು ಶೀಷೆಗೆ ಹಿಡಿದು ಕಳಿಸುತ್ತಿದ್ದವಳು ಅವಳೇ. ಅರವತ್ತರ ಹತ್ತಿರದ, ತೆಳ್ಳನೆಯ, ಬಿರುಸು ನಡೆಯ ಹೆಂಗಸು. ಮರದ ತೊಗಟೆಯ ಗೂಡುಗಳನ್ನು ಕಾಡಿನಲ್ಲಿ ಎತ್ತರಕ್ಕೆ ಕಟ್ಟಿ ಜೇನು ತೆಗೆಯುವುದು ಅವಳ ಕೆಲಸ. ಊರ ಸಭೆಯಲ್ಲಿ ಅವಳ ಮಾತಿಗೆ ತೂಕವಿತ್ತು. ನಿನ್ನ ಶೀಷೆಗಳಷ್ಟು ಶುದ್ಧವಾಗಿ ಬೇರೆ ಯಾವ ಊರಿನಿಂದಲೂ ಬರುವುದಿಲ್ಲ ಎಂದು ನಲಿಶೇಬೋ ಹೇಳಿದಾಗ ಅವಳು ನಗಲಿಲ್ಲ, ತಲೆಯಾಡಿಸಿದಳು ಅಷ್ಟೆ.

ಬೆಳಿಗ್ಗೆ ದೊಮಿಂಗಾಸ್ ಅವಳನ್ನು ಹಿತ್ತಲ ಹೊಲಕ್ಕೆ ಕರೆದುಕೊಂಡು ಹೋದಳು. ಗೇಣುದ್ದ ಬೆಳೆದ ಜೋಳದ ಸಸಿಗಳು ಸುರುಳಿ ಸುತ್ತಿಕೊಂಡು ನಿಂತಿದ್ದವು. ಮೊದಲ ಮಳೆ ಬಿದ್ದ ಕೂಡಲೇ ಬಿತ್ತುತ್ತೇವೆ, ಸಸಿ ಏಳುತ್ತದೆ, ಆಮೇಲೆ ಮೂರು ವಾರ ಮಳೆಯಿಲ್ಲ, ಸಸಿ ಸಾಯುತ್ತದೆ, ಮತ್ತೆ ಬಿತ್ತುತ್ತೇವೆ ಎಂದಳು. ಹೋದ ವರ್ಷ ಮೂರು ಸಲ ಬಿತ್ತಿದ್ದರಂತೆ. ಮೂರನೆಯ ಸಲಕ್ಕೆ ಬೀಜವನ್ನು ತಿನ್ನುವ ಡಬ್ಬಿಯಿಂದ ತೆಗೆಯಬೇಕಾಯಿತು. ಬಾಗಿಲು ಹಾಕಿ ನೀರು ನಿಲ್ಲಿಸಿಕೊಂಡರೆ ಜನವರಿಯಲ್ಲಿ ಕೊನೆಯ ಬಿತ್ತನೆಯ ಸಸಿಗೆ ನಾಲ್ಕು ಬಾರಿ ಹಾಯಿಸಬಹುದು. ಅದಕ್ಕೇ ನಾನು ಬಾಗಿಲು ಹಾಕುವುದಕ್ಕೆ ಮತ ಕೊಡುತ್ತೇನೆ, ಮನೆಗೆ ಬಂದವಳಿಗೆ ಮೊದಲೇ ಹೇಳಿಬಿಡಬೇಕು ಎಂದಳು. ನಾಮುಶೇಯಲ್ಲಿ ಎಲ್ಲರೂ ಮೇಲಿನವರದ್ದು ದುರಾಸೆ ಎನ್ನುತ್ತಿದ್ದರು. ಈ ಹೊಲದಲ್ಲಿ ದುರಾಸೆಯೇನೂ ಅವಳ ಕಣ್ಣಿಗೆ ಬೀಳಲಿಲ್ಲ.

ಸಭೆ ಶಾಲೆಯ ಪಕ್ಕದ ದೊಡ್ಡ ಮರದ ಕೆಳಗೆ ನಡೆಯಿತು. ಹತ್ತೊಂಬತ್ತು ಊರುಗಳಿಂದ ಬಂದವರು ಬೆಂಚು, ಚಾಪೆ, ಸೈಕಲ್ಲಿನ ಕ್ಯಾರಿಯರ್ ಎಂದು ಸಿಕ್ಕಲ್ಲಿ ಕೂತಿದ್ದರು. ಪಟ ತೂಗುಹಾಕುವುದಕ್ಕೆ ಯಾರೋ ಹಗ್ಗ ಕಟ್ಟಿಕೊಟ್ಟರು. ನಲಿಶೇಬೋ ಪಟವನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು. ಎದುರಿಗೆ ಎರಡನೆಯ ಸಾಲಿನಲ್ಲಿ ದೊಮಿಂಗಾಸ್ ಇದ್ದಳು. ಎರಡು ವರ್ಷ ಒಂದು ಮಳೆಯನ್ನೂ ಬಿಡದೆ, ಒಂದು ಹನಿಯೂ ಕಲಬೆರಕೆಯಾಗದಂತೆ ಹಿಡಿದು ಕಳಿಸಿದ ಹೆಂಗಸು. ಅವಳ ಮಳೆಯ ಲೆಕ್ಕವನ್ನು ಅವಳಿಗೇ ತಿರುಚಿ ಹೇಳುವುದು ಹೇಗೆ? ನಲಿಶೇಬೋ ಪಟವನ್ನು ಬಿಡಿಸಲಿಲ್ಲ. ಬೆಂಚಿನ ಕೆಳಗೆ ಇಟ್ಟುಬಿಟ್ಟಳು.

ಹನಿಗನ್ನಡಿಯನ್ನು ತೋರಿಸಿ, ಅದು ಏನು ಮಾಡುತ್ತದೆ ಎಂದು ವಿವರಿಸಿದಳು. ಲುಚಾಜಿಯಲ್ಲಿ ಆವಿಯ ತೂಕಕ್ಕೆ ಮಾತು ಸಿಗದೆ, ಜರಡಿ ಹಿಡಿದಾಗ ಹಿಟ್ಟು ಇಳಿದು ತರಿ ಉಳಿಯುವುದನ್ನು ಹೇಳಿದಳು. ಆಮೇಲೆ ಸಂಖ್ಯೆಗಳನ್ನು ಇದ್ದಂತೆಯೇ ಇಟ್ಟಳು. ವರ್ಷದ ಮಳೆಯಲ್ಲಿ ಹದಿನಾಲ್ಕಕ್ಕೆ ಒಂದು ಹನಿ ಕೆಳಗಿನ ಜೌಗಿನದು. ಬಿತ್ತನೆಯ ಮೊದಲ ಮಳೆಯಲ್ಲಿ ಹೋದ ವರ್ಷ ನಾಲ್ಕಕ್ಕೆ ಒಂದು, ಈ ವರ್ಷ ಹನ್ನೊಂದಕ್ಕೆ ಒಂದು. ಎರಡೇ ವರ್ಷದ ಲೆಕ್ಕವಿದು, ಇದರ ಮೇಲೆ ಆಣೆ ಮಾಡಲಾರೆ ಎಂದಳು.

ಗುಜುಗುಜು ಎದ್ದಿತು. ಹದಿನಾಲ್ಕರಲ್ಲಿ ಒಂದು ಹನಿಗಾಗಿ ಇಡೀ ನದಿಯನ್ನು ಬಿಡಬೇಕೇ ಎಂದು ಒಬ್ಬ ಮುದುಕ ಕೇಳಿದ. ಕೆಲವರು ನಕ್ಕರು. ಅವಳಿಗೆ ತಾನು ನಾಲ್ಕು ಲಕ್ಷ ಜನರ ನೆರೆಯನ್ನು ಒಂದೇ ಮಾತಿನಲ್ಲಿ ಕಳೆದುಹಾಕಿದೆ ಅನ್ನಿಸಿತು. ಆಗ ದೊಮಿಂಗಾಸ್ ಕೂತಲ್ಲಿಂದಲೇ ಕೈಯೆತ್ತಿದಳು.

"ನಾಲ್ಕು ಇದ್ದದ್ದು ಹನ್ನೊಂದು ಯಾಕಾಯ್ತು?"

"ಗಾಳಿ ದಿಕ್ಕು ಬದಲಿಸಿರಬಹುದು. ಜೌಗು ಕುಗ್ಗಿದ್ದರಿಂದಲೂ ಇರಬಹುದು. ನನಗೆ ಖಚಿತವಾಗಿ ಗೊತ್ತಿಲ್ಲ."

"ಜೌಗು ಯಾಕೆ ಕುಗ್ಗಿತು? ನಾವು ಬಾಗಿಲು ಇನ್ನೂ ಹಾಕಿಲ್ಲವಲ್ಲ."

ಎರಡು ವರ್ಷ ನೆರೆ ಕಡಿಮೆ ಬಂತು ಎಂದಳು ನಲಿಶೇಬೋ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರಶ್ನೆ ಕೇಳಿಸಿದ ಗಳಿಗೆಯಲ್ಲೇ ಅವಳಿಗೆ ತನ್ನ ಮನೆಯ ಹಿಂದಿನ ಕಾಲುವೆ ಕಣ್ಣ ಮುಂದೆ ಬಂದಿತ್ತು. ಉಪಗ್ರಹದ ಚಿತ್ರಗಳಲ್ಲಿ ಜೌಗಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುವ ಗೀಟುಗಳನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಯಾರೂ ಅವುಗಳ ಬಗ್ಗೆ ಮಾತಾಡಿರಲಿಲ್ಲ, ಅವಳೂ ಆಡಿರಲಿಲ್ಲ.

"ನಮ್ಮವರು ಜೌಗನ್ನು ಬಸಿದು ಗದ್ದೆ ಮಾಡಿದ್ದಾರೆ," ಎಂದಳು. "ಇನ್ನೂರ ಹನ್ನೆರಡು ಕಾಲುವೆಗಳಿವೆ. ಒಂದು ನನ್ನ ಗಂಡನ ಮನೆಯವರದ್ದು."

ದೊಮಿಂಗಾಸ್ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಕೇಳುವವರ ನಿಧಾನವಿತ್ತು.

"ಹತ್ತು ವರ್ಷದಿಂದ ಆಯೋಗದವರು ಬಂದು ನೀರು ಬಿಡಿ, ಬಿಟ್ಟರೆ ಎಲ್ಲರಿಗೂ ಒಳ್ಳೇದು ಅಂತಾರೆ. ಕೆಳಗೆ ಅದನ್ನ ಏನು ಮಾಡ್ತೀರಿ ಅಂತ ನಾವು ಕೇಳೋ ಹಾಗೇ ಇರಲಿಲ್ಲ. ಈಗ ನೀನೇ ಹೇಳ್ತಿದ್ದೀಯ, ಆ ಜೌಗು ನಮ್ಮ ಮಳೆಯ ಮಡಕೆ ಅಂತ. ಹದಿನಾಲ್ಕಕ್ಕೆ ಒಂದೋ ನಾಲ್ಕಕ್ಕೆ ಒಂದೋ, ಅದಿರಲಿ. ಬಿತ್ತೋ ಹೊತ್ತಿಗೆ ಬರೋ ಹನಿ ನಮಗೆ ಬೇಕು. ಮಡಕೆಗೆ ತೂತು ಕೊರೆದವರು ನೀವು. ನಾವು ಬಾಗಿಲು ತೆರೀತೀವಿ. ನೀವು ತೂತು ಮುಚ್ಚಿ."

ಆಮೇಲಿನ ಮಾತು ಮಧ್ಯಾಹ್ನದವರೆಗೂ ನಡೆಯಿತು. ಜನವರಿಯಲ್ಲಿ ಸಸಿಗಳಿಗೆ ನೀರು ಬೇಕಾದಾಗ ಮೂರು ಬಾಗಿಲು ಹಾಕುವುದು, ಫೆಬ್ರವರಿ ಒಂದರಿಂದ ಏಳೂ ತೆರೆಯುವುದು. ಕೆಳಗಿನವರು ಮೊದಲ ವರ್ಷ ಅರವತ್ತು ಕಾಲುವೆ ಮುಚ್ಚುವುದು. ಬಾಗಿಲು ನೋಡಲು ಕೆಳಗಿನವರು ಮೇಲಕ್ಕೆ, ಕಾಲುವೆ ನೋಡಲು ಮೇಲಿನವರು ಕೆಳಕ್ಕೆ. ಪ್ರತಿ ಊರಿಗೂ ಒಂದು ಹನಿಗನ್ನಡಿ; ಶೀಷೆ ಕಳಿಸಿ ಉತ್ತರಕ್ಕೆ ಕಾಯುವುದು ಇನ್ನು ಬೇಡ, ನಮ್ಮ ಮಳೆಯನ್ನು ನಾವೇ ಓದುತ್ತೇವೆ. ಒಪ್ಪಿದರೆ ಮತ, ಇಲ್ಲದಿದ್ದರೆ ಇಲ್ಲ.

ಒಪ್ಪುವ ಅಧಿಕಾರ ನಲಿಶೇಬೋಗೆ ಇರಲಿಲ್ಲ. ಶಾಲೆಯ ಕೋಣೆಯಲ್ಲಿ ಕೂತು ಕಾಫ್ವಿಂಬಿಗೆ ಫೋನು ಮಾಡಿದಳು. ಅವನು ಪಟದ ಬಗ್ಗೆ ಕೇಳಿದ. ಬಿಡಿಸಲಿಲ್ಲ ಎಂದಳು. ಆಚೆಯಿಂದ ಬೈಗುಳ ಬರುತ್ತದೆ ಎಂದು ಕಾದಳು. ಬಂತು ಕೂಡ, ಒಂದೆರಡು ನಿಮಿಷ. ಆಮೇಲೆ ಅವಳು ಷರತ್ತುಗಳನ್ನು ಒಂದೊಂದಾಗಿ ಓದಿದಳು. ಅವನು ಇನ್ನೊಮ್ಮೆ ಓದು ಎಂದ. ಇಷ್ಟು ವರ್ಷ ಅವರು ನಮ್ಮನ್ನು ಏನೂ ಕೇಳಿರಲಿಲ್ಲ, ಬೇಡ ಅನ್ನುತ್ತಿದ್ದರು ಅಷ್ಟೆ ಎಂದು ತನಗೆ ತಾನೇ ಹೇಳಿಕೊಳ್ಳುವವನಂತೆ ಗೊಣಗಿದ. ಎರಡೂ ರಾಜಧಾನಿಗಳಿಗೆ ಅಂದೇ ಬರೆದ. ಮೂರು ವಾರದಲ್ಲಿ ಒಪ್ಪಿಗೆ ಬಂತು. ಹತ್ತೊಂಬತ್ತು ಊರುಗಳಲ್ಲಿ ಹದಿಮೂರು ಹೊಸ ಒಪ್ಪಂದಕ್ಕೆ ಮತ ಹಾಕಿದವು.

ನಾಮುಶೇಯಲ್ಲಿ ಎಲ್ಲರೂ ಅವಳ ಕೈ ಕುಲುಕಿದರು, ಮನೆಯವನೊಬ್ಬನನ್ನು ಬಿಟ್ಟು. ಮುಚ್ಚಬೇಕಾದ ಅರವತ್ತು ಕಾಲುವೆಗಳ ಪಟ್ಟಿಯಲ್ಲಿ ಅವರದ್ದು ಏಳನೆಯದಾಗಿತ್ತು. ಜೌಗಿನ ಹೊಟ್ಟೆಗೆ ನೇರವಾಗಿ ಇಳಿದ ಆಳದ ಕಾಲುವೆಗಳೇ ಮೊದಲು ಎಂದು ಆಯೋಗ ತೀರ್ಮಾನಿಸಿತ್ತು.

"ನಮ್ಮ ಹೆಸರನ್ನ ಅಲ್ಲಿ ಹೇಳಲೇಬೇಕಿತ್ತಾ?" ಎಂದು ಸಿತಾಲಿ ಕೇಳಿದ.

"ಕಾಲುವೆ ಇದೆ ಅಂದ ಮೇಲೆ ಯಾರದ್ದು ಅನ್ನೋದನ್ನ ಮುಚ್ಚಿಡೋದು ನನ್ನಿಂದ ಆಗಲಿಲ್ಲ."

"ಆ ಗದ್ದೆಯ ಅನ್ನ ತಿಂದವಳು ನೀನು."

"ಹೌದು," ಎಂದಳು.

ಅವನು ಜಗಳವಾಡುವ ಗಂಡಸಲ್ಲ. ಡಿಸೆಂಬರ್ ಪೂರ್ತಿ ಮಕ್ಕಳ ಮೂಲಕವೇ ಇಬ್ಬರ ಮಾತು ನಡೆಯಿತು. ಮುಚ್ಚಿದ ಕಾಲುವೆಯವರಿಗೆ ಆಯೋಗ ದಿಬ್ಬದ ಮೇಲಿನ ಜಮೀನು, ಮೀನಿನ ಬಲೆ, ದೋಣಿ ಕಟ್ಟುವ ಮರ ಕೊಡುತ್ತದೆ ಎಂದು ಘೋಷಣೆಯಾಯಿತು. ದಿಬ್ಬದ ಮರಳಿನಲ್ಲಿ ಬತ್ತ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ಮನೆಗಳವರು ಸಿತಾಲಿಯ ಅಂಗಳದಲ್ಲಿ ಸೇರಿದರು. ಅವಳು ಅವರ ಎದುರು ಕೂತು, ಕಾಶೋಂಗೋದಲ್ಲಿ ಹೇಳಿದ ಸಂಖ್ಯೆಗಳನ್ನೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ, ಮತ್ತೆ ಹೇಳಿದಳು. ದೊಮಿಂಗಾಸಳ ಹೊಲದ ಸಸಿಗಳ ಬಗ್ಗೆಯೂ ಹೇಳಿದಳು. ಕೆಲವರು ತಲೆಯಾಡಿಸಿದರು, ಕೆಲವರು ಎದ್ದು ಹೋದರು. ಮೇಲಿನವರು ಮಾತು ಉಳಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಏನು ಗ್ಯಾರಂಟಿ, ಬಾಗಿಲು ತೆರೆದದ್ದನ್ನು ಮೊದಲು ನೋಡೋಣ ಎಂದ ಸಿತಾಲಿ. ಜನವರಿ ಕಳೆದರೂ ಏಳನೆಯ ಕಾಲುವೆಗೆ ಯಾರೂ ಸನಿಕೆ ಹಾಕಲಿಲ್ಲ.

ಬಾಗಿಲು ತೆರೆಯುವುದನ್ನು ಎರಡೂ ದೇಶಗಳ ರೇಡಿಯೋದಲ್ಲಿ ನೇರವಾಗಿ ಬಿತ್ತರಿಸಬೇಕು ಎಂಬ ಸಲಹೆ ಕಾಫ್ವಿಂಬಿಯದು. ಪಟಗಳ ಮೇಲಿನ ನಂಬಿಕೆ ಅವನಿಗೂ ಹೋಗಿತ್ತು. ಫೆಬ್ರವರಿ ಒಂದರ ಬೆಳಿಗ್ಗೆ ನಲಿಶೇಬೋ ಆಯೋಗದ ನಿಯಂತ್ರಣ ಕೊಠಡಿಯಲ್ಲಿದ್ದಳು. ಗೋಡೆಯ ತುಂಬ ನದಿಯ ನಕ್ಷೆ. ಮುವೇಜಿಯಲ್ಲಿ ನಾಲ್ಕು ಹಸಿರು ದೀಪ, ಮೂರು ಕೆಂಪು. ಕಟ್ಟೆಯ ಮೇಲೆ ನಿಂತು ವಿವರ ಹೇಳಲು ಆರಿಸಿದ್ದು ದೊಮಿಂಗಾಸಳನ್ನು. ಅವಳ ಮಾತನ್ನು ನಲಿಶೇಬೋ ಇಲ್ಲಿಂದ ನಾಮುಶೇಯವರ ಲೋಜಿ ಭಾಷೆಗೆ ತಿರುಗಿಸಬೇಕಿತ್ತು.

ಸಿತಾಲಿ ಆ ಹೊತ್ತಿನಲ್ಲಿ ದೋಣಿಯ ಹಲಗೆಗೆ ಅಂಟು ಬಳಿಯುತ್ತಿದ್ದ. ಪಕ್ಕದಲ್ಲಿ ರೇಡಿಯೋ ಇತ್ತು. ಅಪರಿಚಿತ ಹೆಂಗಸಿನ ಒರಟು ದನಿ, ಅದರ ಬೆನ್ನಿಗೇ ಹೆಂಡತಿಯ ದನಿ. ಜನವರಿಯಲ್ಲಿ ಮೂರು ಬಾರಿ ನೀರು ಹಾಯಿಸಿಕೊಂಡೆವು, ಸಸಿಗಳು ಬದುಕಿವೆ, ನಾಲ್ಕನೆಯ ಸರದಿ ಬರುವ ಮೊದಲೇ ಫೆಬ್ರವರಿ ಬಂತು, ಆದರೂ ಮಾತು ಮಾತೇ ಎಂದಳು ದೊಮಿಂಗಾಸ್. ಆಮೇಲೆ ಕಬ್ಬಿಣ ಕಿರುಗುಟ್ಟುವ ಸದ್ದು. ದೊಮಿಂಗಾಸ್ ಎಣಿಸತೊಡಗಿದಳು. ಐದು. ನೀರು ಧುಮುಕುವ ಮೊರೆತ. ಆರು. ಅವಳು ಏನನ್ನುತ್ತಿದ್ದಾಳೆ ಎಂದು ಹೆಂಡತಿ ತಿರುಗಿಸಿ ಹೇಳುವ ಮೊದಲೇ ಸಿತಾಲಿಗೆ ಅರ್ಥವಾಗುತ್ತಿತ್ತು. ಏಳು ಎಂದ ಮೇಲೆ ರೇಡಿಯೋದಲ್ಲಿ ಬಹಳ ಹೊತ್ತು ಬರೀ ನೀರಿನ ಸದ್ದೇ ಇತ್ತು.

ಸಂಜೆ ನಲಿಶೇಬೋ ಮನೆಗೆ ಬಂದಾಗ ಸಿತಾಲಿ ಮನೆಯಲ್ಲಿರಲಿಲ್ಲ. ಗದ್ದೆಯ ಕಡೆ ಹೋದಳು. ಅವನು ಕಾಲುವೆಯ ಬಾಯಿಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಮಣ್ಣು ಎಳೆಯುತ್ತಿದ್ದ. ಜೊತೆಗೆ ಐದಾರು ಮನೆಯವರಿದ್ದರು. ಆಚೆ ಅವನ ನಾಲ್ಕು ತುಂಡು ಗದ್ದೆಯಲ್ಲಿ ಬತ್ತ ಹಾಲುಗಟ್ಟಿರಲಿಲ್ಲ, ಹಸಿರಾಗಿ ನಿಂತಿತ್ತು. ಅವನು ಅತ್ತ ನೋಡಲಿಲ್ಲ. ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು. ಅವಸರ ಮಾಡಬೇಡ, ಕೆಳಗೆ ಬೇರುಗಳಿವೆ, ಕಾಲು ಸಿಕ್ಕಿಕೊಳ್ಳುತ್ತದೆ ಎಂದ. ಎರಡು ತಿಂಗಳಲ್ಲಿ ಅವಳಿಗೇ ಅಂತ ಅವನು ಆಡಿದ ಮೊದಲ ಮಾತು ಅದು.

ಏಪ್ರಿಲ್‌ನಲ್ಲಿ ನೆರೆ ಬಂತು. ದೊಡ್ಡ ನೆರೆಯೇನಲ್ಲ, ಆದರೆ ಬಯಲು ಮುಳುಗಿತು. ಜನ ಪಾತ್ರೆ ಪಗಡೆ, ಕೋಳಿ ಕುರಿಗಳನ್ನು ದೋಣಿಗೆ ಹಾಕಿಕೊಂಡು ದಿಬ್ಬಗಳಿಗೆ ಹೋದರು. ಸಿತಾಲಿಗೆ ಆ ತಿಂಗಳು ಕೈತುಂಬ ದೋಣಿಯ ಕೆಲಸ. ಗದ್ದೆ ನೀರಿನಡಿ ಹೋಯಿತು. ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಜೋಳದ ಮುದ್ದೆಯನ್ನು ನೋಡಿ ದೊಡ್ಡ ಮಗಳು ನಮ್ಮ ಅಕ್ಕಿ ಎಲ್ಲಿ ಎಂದು ಕೇಳಿದಾಗ ಅವನು ಎದ್ದು ಹೊರಗೆ ಹೋದ. ನಲಿಶೇಬೋ ಅವನ ಹಿಂದೆ ಹೋಗಲಿಲ್ಲ. ಕೆಲವು ನಷ್ಟಕ್ಕೆ ಸಮಾಧಾನ ಹೇಳಬಾರದು ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಜೂನ್‌ನಲ್ಲಿ ಕಾಲುವೆ ನೋಡಲು ಮೇಲಿನಿಂದ ಒಂಬತ್ತು ಜನ ಬಂದರು. ಮುಂದಾಳು ದೊಮಿಂಗಾಸ್. ಅವಳು ಜೌಗನ್ನು ಕಂಡದ್ದು ಹುಟ್ಟಿದ ಮೇಲೆ ಅದೇ ಮೊದಲು. ಜೂನ್ ಎಂದರೆ ಅಲ್ಲಿ ಚಳಿಗಾಲ; ಚಳಿಯ ಬೆಳಗಿನಲ್ಲಿ ಸಿತಾಲಿಯ ದೋಣಿಯಲ್ಲಿ ಕೂತು ಹೊರಟರು. ಕಣ್ಣು ಹಾಯುವಷ್ಟು ದೂರ ಜೊಂಡು. ಬೆಚ್ಚನೆಯ ನೀರಿನಿಂದ ಬಿಳಿ ಹಬೆ ಎದ್ದು, ಜೊಂಡಿನ ತುದಿ ದಾಟಿ, ಬಿಸಿಲು ತಾಗಿದ ಕಡೆ ಕಾಣದಾಗುತ್ತಿತ್ತು. ದೊಮಿಂಗಾಸ್ ಅದನ್ನು ನೋಡುತ್ತಲೇ ಇದ್ದಳು. ಇದು ನಮ್ಮಲ್ಲಿಗೆ ಬರುವುದೋ ಎಂದು ಕೇಳಿದಳು. ಈ ತಿಂಗಳಿನದು ಬರುವುದಿಲ್ಲ, ಗಾಳಿ ಬೇರೆ ಕಡೆ, ಅಕ್ಟೋಬರ್‌ನದು ಸ್ವಲ್ಪ ಬರಬಹುದು ಎಂದಳು ನಲಿಶೇಬೋ. ಎಷ್ಟು ಎನ್ನುವುದನ್ನು ನೀನೇ ಓದಿ ನನಗೆ ಹೇಳಬೇಕು ಎಂದೂ ಸೇರಿಸಿದಳು. ದೊಮಿಂಗಾಸ್ ತಲೆಯಾಡಿಸಿದಳು.

ಏಳನೆಯ ಕಾಲುವೆಯ ಬಾಯಿಗೆ ದೋಣಿ ತಾಗಿತು. ದೊಮಿಂಗಾಸ್ ಸೀರೆಯಂತೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಮೇಲೆ ಕಟ್ಟಿ ಇಳಿದಳು. ಮುಚ್ಚಿದ ಒಡ್ಡಿನ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆದಳು, ಬಗ್ಗಿ ಅಲ್ಲಲ್ಲಿ ಒತ್ತಿ ನೋಡಿದಳು, ನಡುವೆ ಒಂದು ಕಡೆ ನಿಂತು ಕೈಯಲ್ಲಿದ್ದ ಕೋಲನ್ನು ಚುಚ್ಚಿದಳು. ಕೋಲಿನ ಬುಡದಿಂದ ಸಣ್ಣಗೆ ನೀರು ಜಿನುಗಿ ಆಚೆ ಇಳಿಯಿತು. ಅವಳು ಸಿತಾಲಿಯ ಕಡೆ ತಿರುಗಿ, ಲುಚಾಜಿಯಲ್ಲಿ, ಇಲ್ಲಿ ಇನ್ನೊಂದು ಗೇಣು ಮಣ್ಣು ಬೇಕು ಎಂದಳು.

ಆರು ವರ್ಷ ಅನ್ನ ಕೊಟ್ಟ ಗದ್ದೆಯ ಕಾಲುವೆಯನ್ನು ಕೈಯಾರೆ ಮುಚ್ಚಿದ ಮನುಷ್ಯನಿಗೆ ಆ ಮಾತು ಹೇಗೆ ತಾಗೀತೋ ಎಂದು ನಲಿಶೇಬೋಗೆ ಹೆದರಿಕೆಯಾಯಿತು. ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಲೋಜಿಯಲ್ಲಿ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದಳು. ಅಷ್ಟರಲ್ಲಿ ಸಿತಾಲಿ ದೋಣಿಯಿಂದ ಎರಡು ಸನಿಕೆ ಎತ್ತಿಕೊಂಡು ಒಡ್ಡಿನ ಮೇಲೆ ನಡೆದಿದ್ದ. ಒಂದನ್ನು ದೊಮಿಂಗಾಸಳ ಕೈಗೆ ಕೊಟ್ಟ. ಅವಳು ಕೋಲನ್ನು ಪಕ್ಕಕ್ಕಿಟ್ಟು ಅದನ್ನು ತೆಗೆದುಕೊಂಡಳು. ಇಬ್ಬರೂ ಬಗ್ಗಿ, ಒಬ್ಬರು ಆ ಬದಿಯಿಂದ, ಒಬ್ಬರು ಈ ಬದಿಯಿಂದ, ಕಪ್ಪು ಮಣ್ಣನ್ನು ಎತ್ತಿ ಎತ್ತಿ ಹಾಕತೊಡಗಿದರು.